‘ಮೀರು’: ಎಲ್ಲಿ ತಪ್ಪು, ಎಲ್ಲಿ ಹೊಗಳಿಕೆ, ಎಲ್ಲಿ ಬರೀ ಲೆಕ್ಕ?

ಪ್ರಶ್ನೆ: ನಮ್ಮ ಓದುಗರ ಬಳಗ ಒಂದು ಪ್ರಬಂಧ ಸ್ಪರ್ಧೆ ಇಟ್ಟಿತ್ತು. ಪ್ರಕಟಣೆ ಬರೆದವಳು ನಾನು. ‘ಸ್ಪರ್ಧಿಗಳ ವಯಸ್ಸು 25 ಮೀರಿರಬಾರದು. ಪ್ರಬಂಧ 1500 ಪದಗಳಿಗಿಂತ ಮೀರಬಾರದಂತೆ ಇರಬೇಕು’ ಎಂದು ಹಾಕಿದ್ದೆ. 25 ವರ್ಷ 4 ತಿಂಗಳು ತುಂಬಿದ ಒಬ್ಬರು ಪ್ರಬಂಧ ಕಳಿಸಿದರು. ಮೂವರು ತೀರ್ಪುಗಾರರಲ್ಲಿ ಇಬ್ಬರು ‘ಸರಿ’ ಎಂದರು, ಒಬ್ಬರು ‘ಆಗದು’ ಎಂದರು. ಆಹ್ವಾನ ಪತ್ರಿಕೆಯಲ್ಲಿ ಅತಿಥಿಗಳನ್ನು ‘ಗುರುಗಳನ್ನು ಮೀರಿದ ಶಿಷ್ಯ’ ಎಂದು ಪರಿಚಯಿಸಿದ್ದಕ್ಕೆ ಹಿರಿಯರೊಬ್ಬರು ನೊಂದುಕೊಂಡರು. ಮೀರುವುದೆಂದರೆ ಧಿಕ್ಕರಿಸುವುದು ಅನ್ನುತ್ತಾರೆ ಅವರು. ಮತ್ತೊಬ್ಬರು ‘ಮಿತಿಮೀರು’ ಅರಿಸಮಾಸ, ಬರೆಯಲೇಬಾರದು ಎಂದರು. ‘ಮೀರಿಸು’ ಪ್ರೇರಣಾರ್ಥಕ ರೂಪ, ಅದೂ ತಪ್ಪು ಎಂಬ ಮಾತು ಬಂತು. ಈ ಒಂದು ಕ್ರಿಯಾಪದವನ್ನು ನೆಮ್ಮದಿಯಿಂದ ಬಳಸುವುದು ಹೇಗೆ?

ಉತ್ತರ: ನಿಮ್ಮ ಪತ್ರದಲ್ಲಿ ನಾಲ್ಕೈದು ಜಗಳಗಳಿವೆ, ಆದರೆ ಬೇರು ಒಂದೇ. ‘ಮೀರು’ ಒಬ್ಬಂಟಿಯಾಗಿ ನಿಂತಾಗ ಅದಕ್ಕೆ ಒಳ್ಳೆಯದು ಕೆಟ್ಟದ್ದು ಎಂಬುದಿಲ್ಲ. ಒಂದು ಗೆರೆ ಇತ್ತು, ಅದರ ಆಚೆಗೆ ಹೋಯಿತು, ಅಷ್ಟೇ. ಆ ಗೆರೆ ಯಾವುದು, ಅದನ್ನು ಯಾರು ಎಳೆದರು, ಆಚೆಗೆ ಹೋದದ್ದು ಸರಿಯೇ ಎಂಬುದೆಲ್ಲ ಪಕ್ಕದ ಪದದಿಂದ ಬರುತ್ತದೆ. ಆ ಪದಕ್ಕೆ ಹತ್ತಿದ ವಿಭಕ್ತಿಯೂ ಅದರಲ್ಲಿ ಪಾಲು ಪಡೆಯುತ್ತದೆ. ಹಾಗಾಗಿ ‘ಮೀರು ಎಂದರೆ ಏನು’ ಎಂದು ಕೇಳುವ ಬದಲು ‘ಏನನ್ನು ಮೀರಿದ್ದು’ ಎಂದು ಕೇಳಿದರೆ ಉತ್ತರ ಸಲೀಸಾಗಿ ಸಿಗುತ್ತದೆ.

ಹಿರಿಯರ ಬೇಸರದಿಂದಲೇ ಶುರು ಮಾಡೋಣ. ಅವರ ಕಿವಿ ತಪ್ಪಲ್ಲ, ಅವರ ತೀರ್ಮಾನ ಮಾತ್ರ ಪೂರ್ತಿ ಸರಿಯಲ್ಲ. ಮಾತು, ಆಜ್ಞೆ, ಕಟ್ಟಳೆ, ಮರ್ಯಾದೆ ಇಂಥವು ಪಕ್ಕದಲ್ಲಿದ್ದರೆ ‘ಮೀರು’ ನಿಜಕ್ಕೂ ಧಿಕ್ಕಾರವೇ. ‘ಅಪ್ಪನ ಮಾತು ಮೀರಿದ’ ಎಂಬುದಕ್ಕೆ ಬೇರೆ ಅರ್ಥವಿಲ್ಲ. ಅದೇ ಕ್ರಿಯಾಪದವನ್ನು ‘ಗುರಿ’, ‘ನಿರೀಕ್ಷೆ’ ಪಕ್ಕದಲ್ಲಿ ಇಡಿ, ‘ಈ ಸಲದ ಇಳುವರಿ ನಿರೀಕ್ಷೆ ಮೀರಿತು’ ಎಂದರೆ ಸಂತೋಷದ ಸುದ್ದಿ. ‘ಹೊತ್ತು ಮೀರಿತು’ ಎಂದಾಗ ಯಾರೂ ಯಾರನ್ನೂ ಧಿಕ್ಕರಿಸಿಲ್ಲ, ಕರ್ಮಪದವೇ ಇಲ್ಲ, ಹೊತ್ತು ತಾನಾಗಿ ಸರಿದುಹೋಗಿದೆ. ‘ಪರಿಸ್ಥಿತಿ ಕೈಮೀರಿತು’ ಎಂದಾಗ ಹಿಡಿತ ತಪ್ಪಿದೆ. ಊಹೆ, ಬುದ್ಧಿ, ಶಕ್ತಿ ಇವುಗಳ ಜೊತೆಗೆ ಬಂದಾಗ ‘ನಿಲುಕದ್ದು’ ಎಂಬ ಅರ್ಥ. ಹೀಗೆ ಒಂದೇ ಧಾತು ಬೈಗುಳದಿಂದ ಬೆರಗಿನವರೆಗೆ ಓಡಾಡುತ್ತದೆ.

ಆದರೆ ಪಕ್ಕದಲ್ಲಿ ಮನುಷ್ಯರೇ ಬಂದು ನಿಂತಾಗ ತೊಡಕು. ‘ಗುರುಗಳನ್ನು ಮೀರಿದ’ ಎಂಬಲ್ಲಿ ಮೀರಿದ್ದು ಗುರುಗಳ ವಿದ್ಯೆಯನ್ನೋ ಅವರ ಮಾತನ್ನೋ ಎಂಬುದು ತೆರೆದೇ ಉಳಿಯುತ್ತದೆ. ‘ನನ್ನನ್ನು ಮೀರಿ ಇಲ್ಲಿ ಏನೂ ನಡೆಯದು’ ಎಂಬ ದರ್ಪದ ಮಾತನ್ನು ಕೇಳಿ ಬೆಳೆದ ಕಿವಿಗೆ, ಮನುಷ್ಯರನ್ನು ಮೀರುವುದು ಎಂದೊಡನೆ ಮೊದಲು ಹೊಳೆಯುವುದು ಧಿಕ್ಕಾರವೇ. ಈ ಗೊಂದಲವನ್ನು ಕಳೆಯಲೆಂದೇ ಕನ್ನಡದಲ್ಲಿ ‘ಮೀರಿಸು’ ಇದೆ. ‘ಗುರುವನ್ನು ಮೀರಿಸಿದ ಶಿಷ್ಯ’ ಎಂದರೆ ಗುಣದಲ್ಲಿ, ವಿದ್ಯೆಯಲ್ಲಿ, ಕೈಚಳಕದಲ್ಲಿ ಮುಂದೆ ಹೋದವನು ಎಂದಷ್ಟೇ ಅರ್ಥ. ಅವಿಧೇಯತೆಯ ನೆರಳು ಅದರ ಮೇಲೆ ಬೀಳುವುದಿಲ್ಲ.

‘ಮೀರಿಸು’ ತಪ್ಪು ಎಂದವರ ವಾದ ಹೀಗಿರಬೇಕು: -ಇಸು ಪ್ರೇರಣಾರ್ಥಕ ಪ್ರತ್ಯಯ. ಮಾಡು, ಮಾಡಿಸು, ಬರೆ, ಬರೆಯಿಸು. ಅಂದಮೇಲೆ ಮೀರಿಸು ಎಂದರೆ ಬೇರೆಯವರಿಂದ ಮೀರುವಂತೆ ಮಾಡು ಎಂದಾಗಬೇಕು. ಪ್ರತ್ಯಯದ ಲೆಕ್ಕ ಸರಿ, ಆದರೆ ರೂಢಿ ಆ ಲೆಕ್ಕದ ಹಿಂದೆ ನಡೆದಿಲ್ಲ. ಬಳಕೆಯಲ್ಲಿ ‘ಮೀರಿಸು’ ಕೂತಿರುವುದು ‘ಸೋಲಿಸು’, ‘ಹಿಂದಿಕ್ಕು’ಗಳ ಸಾಲಿನಲ್ಲಿ. ಎದುರಿಗಿರುವವರನ್ನು ಕರ್ಮವಾಗಿ ಹಿಡಿದು ಅವರಿಗಿಂತ ಮೇಲಾಗುವುದೇ ಅದರ ಅರ್ಥ. ‘ಅಣ್ಣ ತಮ್ಮನಿಂದ ಎಲ್ಲೆಯನ್ನು ಮೀರಿಸಿದ’ ಎಂಬಂಥ ಪ್ರೇರಣಾರ್ಥಕ ವಾಕ್ಯ ಯಾರ ಬಾಯಲ್ಲೂ ಬರುವುದಿಲ್ಲ. ಆ ಜಾಗ ಖಾಲಿ ಇದೆ, ಅದರಿಂದ ಗೊಂದಲವೂ ಇಲ್ಲ. ಧೈರ್ಯವಾಗಿ ಬಳಸಿ. ಒಂದೇ ಎಚ್ಚರಿಕೆ: ಸಂಖ್ಯೆ, ಮಿತಿ, ಕಾಲಗಳಿಗೆ ‘ಮೀರಿಸು’ ಹೊಂದದು. ‘ಖರ್ಚು ಸಾವಿರ ಮೀರಿತು’ ಎನ್ನುತ್ತೇವೆ, ‘ಸಾವಿರ ಮೀರಿಸಿತು’ ಎನ್ನುವುದಿಲ್ಲ. ಮೀರಿಸಲು ಎದುರಾಳಿ ಬೇಕು, ಕೊನೇಪಕ್ಷ ಹೋಲಿಕೆಗೆ ಇನ್ನೊಂದು ಬೇಕು: ‘ಹೂವನ್ನು ಮೀರಿಸುವ ಮೃದುತ್ವ’.

ಇನ್ನು ಅರಿಸಮಾಸದ ಆರೋಪ. ಸಂಸ್ಕೃತ ಪದವನ್ನೂ ಕನ್ನಡ ಪದವನ್ನೂ ಬೆಸೆದು ಸಮಾಸ ಮಾಡಬಾರದು ಎಂಬ ನಿಯಮ ಶಾಲೆಯಲ್ಲಿ ಕಲಿತದ್ದು ನೆನಪಿದ್ದವರು ‘ಮಿತಿ’ ಸಂಸ್ಕೃತ, ‘ಮೀರು’ ಕನ್ನಡ, ಆದ್ದರಿಂದ ದೋಷ ಎಂದುಬಿಡುತ್ತಾರೆ. ಅದೇ ವ್ಯಾಕರಣ ಹೇಳುವ ಮುಂದಿನ ಮಾತು ಮರೆತುಹೋಗಿರುತ್ತದೆ: ಗಮಕ ಸಮಾಸ ಮತ್ತು ಕ್ರಿಯಾಸಮಾಸಗಳಿಗೆ ಈ ದೋಷ ತಟ್ಟುವುದಿಲ್ಲ. ಪೂರ್ವಪದ ನಾಮಪದ, ಉತ್ತರಪದ ಕ್ರಿಯೆ ಆಗಿ ‘ಕೈಮುಗಿ’, ‘ಮೈಮರೆ’, ‘ಕಣ್ತೆರೆ’ ಆದಂತೆ ‘ಮಿತಿಮೀರು’ ಸಹ ಕ್ರಿಯಾಸಮಾಸ. ದೋಷವಿಲ್ಲ. ಕೂಡಿಸಿ ಬರೆಯಬೇಕೆ, ಬಿಡಿಸಿಯೆ? ಎರಡೂ ಚಾಲ್ತಿಯಲ್ಲಿವೆ. ಎರಡೂ ಪದ ಸೇರಿ ಒಂದೇ ಅರ್ಥ ಕೊಡುವಾಗ ಕೂಡಿಸುವುದು ನನಗೆ ಸರಿ ಕಾಣುತ್ತದೆ: ‘ಮಿತಿಮೀರಿದ ಸೆಖೆ’, ‘ಪರಿಸ್ಥಿತಿ ಕೈಮೀರಿತು’. ನಿಜವಾಗಿಯೂ ಒಂದು ನಿಗದಿತ ಮಿತಿ ಇದ್ದು ಅದನ್ನು ದಾಟಿದ ವಿಷಯ ಹೇಳುವಾಗ ಬಿಡಿಸಿ: ‘ನಿಗದಿ ಮಾಡಿದ ಮಿತಿ ಮೀರಿ ತೂಕ ಹೇರಿದ್ದರು’. ಮೊದಲನೆಯದರಲ್ಲಿ ಮಿತಿ ಎಷ್ಟೆಂದು ಯಾರೂ ಕೇಳುವುದಿಲ್ಲ, ಎರಡನೆಯದರಲ್ಲಿ ಕೇಳುತ್ತಾರೆ.

ಈಗ ವಿಭಕ್ತಿ. ಹೆಚ್ಚಿನ ಬರಹಗಳು ಎಡವುವುದು ಇಲ್ಲೇ, ಹಾಗೆಯೇ ಈ ಧಾತುವಿನ ಸೊಗಸು ಕಾಣುವುದೂ ಇಲ್ಲೇ. ಈ ಎರಡನ್ನು ಬಾಯಿಬಿಟ್ಟು ಓದಿ ನೋಡಿ:

ಅವನು ಅಮ್ಮನ ಮಾತು ಮೀರಿದ.
ಆ ನೋಟ ಮಾತಿಗೆ ಮೀರಿದ್ದು.

‘ಮಾತು’ ಎರಡರಲ್ಲೂ ಇದೆ, ‘ಮೀರು’ ಎರಡರಲ್ಲೂ ಇದೆ. ಮೊದಲನೆಯದರಲ್ಲಿ ಮಾತು ಒಂದು ಕಟ್ಟು, ಅದನ್ನು ಮುರಿದದ್ದಾಗಿದೆ. ಎರಡನೆಯದರಲ್ಲಿ ಮಾತು ಒಂದು ಅಳತೆಗೋಲು, ಅದು ಸಾಲದೆ ಹೋಗಿದೆ. ವ್ಯತ್ಯಾಸ ತಂದದ್ದು ‘ಗೆ’ ಎಂಬ ಒಂದು ಪ್ರತ್ಯಯ. ದ್ವಿತೀಯಾ ವಿಭಕ್ತಿ (ಮಾತನ್ನು, ಅಥವಾ ಪ್ರತ್ಯಯ ಬಿಟ್ಟ ಬರಿಯ ‘ಮಾತು’) ಬಂದಾಗ ಗೆರೆ ದಾಟುವ ಅರ್ಥ ಮುಂದೆ ನಿಲ್ಲುತ್ತದೆ. ಚತುರ್ಥಿ (ಮಾತಿಗೆ) ಬಂದಾಗ ಅಳತೆಗೆ ಸಿಗದ ಅರ್ಥ. ‘ಶಕ್ತಿಗೆ ಮೀರಿದ ಸಾಲ’, ‘ಊಹೆಗೂ ಮೀರಿದ ತಿರುವು’, ‘ಆದಾಯಕ್ಕೆ ಮೀರಿದ ಆಸ್ತಿ’ ಎಲ್ಲವೂ ಎರಡನೆಯ ಬಗೆ. ಇದು ಕಬ್ಬಿಣದ ನಿಯಮವಲ್ಲ. ‘ಆಜ್ಞೆಗೆ ಮೀರಿ ನಡೆದ’ ಎಂದು ಬರೆಯುವವರಿದ್ದಾರೆ, ‘ಶಕ್ತಿ ಮೀರಿ ದುಡಿದ’ ಎಂಬುದು ಎಲ್ಲರ ಮಾತು. ಆದರೂ ಗೊಂದಲಕ್ಕೆ ಎಡೆಯಿರುವ ಕಡೆ ಈ ಭೇದವನ್ನು ಪಾಲಿಸಿದರೆ ಓದುವವರು ತಡವರಿಸುವುದಿಲ್ಲ.

ಚತುರ್ಥಿಯ ಪಕ್ಕದಲ್ಲೇ ಒಂದು ಹಳ್ಳವಿದೆ, ನಿಮ್ಮ ಪ್ರಕಟಣೆ ಅದರಲ್ಲಿ ಬಿದ್ದಿದೆ: ‘1500 ಪದಗಳಿಗಿಂತ ಮೀರಬಾರದು’. ‘-ಗಿಂತ’ ಹೋಲಿಕೆಯ ಪ್ರತ್ಯಯ, ಅದು ಮುಂದೆ ‘ಹೆಚ್ಚು’, ‘ಕಡಿಮೆ’, ‘ಮೇಲು’ ಇಂಥ ಪದವನ್ನು ಬೇಡುತ್ತದೆ. ‘ಮೀರು’ ತನ್ನೊಳಗೇ ಹೋಲಿಕೆಯನ್ನು ಇಟ್ಟುಕೊಂಡಿದೆ, ಅದಕ್ಕೆ ‘-ಗಿಂತ’ ಬೇಕಿಲ್ಲ. ‘1500 ಪದಗಳನ್ನು ಮೀರಬಾರದು’ ಎನ್ನಿ, ‘1500 ಪದಗಳಿಗಿಂತ ಹೆಚ್ಚಾಗಬಾರದು’ ಎನ್ನಿ. ಎರಡನ್ನೂ ಕಲಸಿದರೆ ಅರ್ಥ ಕೆಡದು, ವಾಕ್ಯ ಮಾತ್ರ ಕುಂಟುತ್ತದೆ.

ಅದೇ ವಾಕ್ಯದ ‘ಮೀರಬಾರದಂತೆ’ ಇನ್ನೂ ದೊಡ್ಡ ತೊಂದರೆ. ಕನ್ನಡದ ‘ಅಂತೆ’ಗೆ ಎರಡು ಕೆಲಸ. ‘ಮೀರದಂತೆ ನೋಡಿಕೊಳ್ಳಿ’ ಎಂಬಲ್ಲಿ ಅದು ‘ಹಾಗೆ’ ಎಂಬ ಅರ್ಥ ಕೊಡುತ್ತದೆ. ‘ಬಾರದು’ ಎಂಬಂಥ ಪೂರ್ಣ ಕ್ರಿಯೆಯ ಬೆನ್ನಿಗೆ ಹತ್ತಿದಾಗ ಅದು ಕೇಳಿಬಂದ ಸುದ್ದಿಯಾಗುತ್ತದೆ. ‘1500 ಪದ ಮೀರಬಾರದಂತೆ’ ಎಂದರೆ ‘ಮೀರಬಾರದು ಎಂದು ಯಾರೋ ಹೇಳಿದರು’ ಎಂದು ಕೇಳಿಸುತ್ತದೆ. ನಿಯಮ ಹೇಳುವವರೇ ನಿಯಮವನ್ನು ಗಾಳಿಸುದ್ದಿ ಮಾಡಿದ ಹಾಗಾಯಿತು. ‘ಮೀರದಂತೆ’, ‘ಮೀರದ ಹಾಗೆ’, ‘ಮೀರುವಂತಿಲ್ಲ’, ‘ಮೀರಬಾರದು’ ಈ ನಾಲ್ಕರಲ್ಲಿ ಯಾವುದಾದರೂ ಸರಿ. ಕಾನೂನಿನ ಕನ್ನಡದಲ್ಲಿ ‘ಮೀರತಕ್ಕದ್ದಲ್ಲ’ ಎಂಬುದುಂಟು. ಪ್ರಬಂಧ ಸ್ಪರ್ಧೆಗೆ ಅಷ್ಟು ಬಿಗಿ ಬೇಡ.

ಈಗ ತೀರ್ಪುಗಾರರ ಜಗಳ. ‘ಮೀರು’ ಗೆರೆಯ ಮೇಲೆ ನಿಂತವರನ್ನು ಹೊರಗೆ ಹಾಕುವುದಿಲ್ಲ, ಅದು ಖಚಿತ. ‘1500 ಪದ ಮೀರದಂತೆ’ ಎಂದರೆ ಸರಿಯಾಗಿ 1500 ಪದವಿರುವ ಪ್ರಬಂಧಕ್ಕೆ ಅರ್ಹತೆಯಿದೆ, 1501 ಆದರೆ ಇಲ್ಲ. ಎಣಿಸಬಹುದಾದ ಬಿಡಿ ವಸ್ತುಗಳಿಗೆ ಇಷ್ಟು ಸಾಕು. ವಯಸ್ಸು ಹಾಗಲ್ಲ, ಅದು ದಿನದಿನವೂ ಹರಿಯುತ್ತಿರುತ್ತದೆ. ಸಾಲದೆಂಬಂತೆ ನಾವು ವಯಸ್ಸನ್ನು ಎರಡು ಬಗೆಯಲ್ಲಿ ಹೇಳುತ್ತೇವೆ. ‘ಇಪ್ಪತ್ತೈದು ತುಂಬಿತು’ ಎಂದರೆ 25 ವರ್ಷ ಪೂರ್ತಿ ಕಳೆದಿದೆ. ‘ಇಪ್ಪತ್ತೈದು ನಡೀತಿದೆ’ ಎಂದರೆ ತುಂಬಿರುವುದು 24, ಇಪ್ಪತ್ತೈದನೆಯದು ಸಾಗಿದೆ.

ಹೀಗಿರುವಾಗ ‘25 ಮೀರಿರಬಾರದು’ ಎಂಬುದಕ್ಕೆ ಮೂರು ಓದುಗಳು ಹುಟ್ಟುತ್ತವೆ. ಇಪ್ಪತ್ತೈದನೇ ವರ್ಷ ನಡೆಯುತ್ತಿರುವವರೆಗೆ ಮಾತ್ರ, ಅಂದರೆ 25 ತುಂಬಿದ ಕೂಡಲೇ ಹೊರಗೆ ಎಂಬುದು ಒಂದು. 25 ತುಂಬುವ ದಿನದವರೆಗೆ ಸರಿ, ಮಾರನೆಯ ದಿನದಿಂದ ಮೀರಿತು ಎಂಬುದು ಇನ್ನೊಂದು. ಇಪ್ಪತ್ತಾರು ತುಂಬುವವರೆಗೂ ಮನುಷ್ಯನ ವಯಸ್ಸು ಕೇಳಿದರೆ ‘ಇಪ್ಪತ್ತೈದು’ ಎಂದೇ ಹೇಳುತ್ತಾನೆ, ಆದ್ದರಿಂದ ಅಲ್ಲಿಯವರೆಗೂ ಸರಿ ಎಂಬುದು ಮೂರನೆಯದು. ನಿಮ್ಮ ಇಬ್ಬರು ತೀರ್ಪುಗಾರರು ಮೂರನೆಯ ಓದಿನಲ್ಲಿದ್ದಾರೆ. ಮತ್ತೊಬ್ಬರು ಮೊದಲನೆಯದರಲ್ಲೋ ಎರಡನೆಯದರಲ್ಲೋ ಇದ್ದಾರೆ. ಮೂವರ ಕನ್ನಡವೂ ಸರಿಯೇ, ವಾಕ್ಯ ಮಾತ್ರ ಸಾಲದು.

ಈಗಾಗಲೇ ಬಂದಿರುವ ಪ್ರಬಂಧದ ಬಗ್ಗೆ ನಿಮಗೆ ಮೂರು ದಾರಿಗಳಿವೆ. ತಳ್ಳಿಹಾಕಬಹುದು; ಆಗ ಆ ಸ್ಪರ್ಧಿ ಪ್ರಕಟಣೆಯನ್ನೇ ಮುಂದಿಟ್ಟು ‘ನನಗೆ 25, ಮೀರಿಲ್ಲ’ ಎಂದರೆ ನಿಮ್ಮ ಬಳಿ ಗಟ್ಟಿ ಉತ್ತರವಿರುವುದಿಲ್ಲ. ಸುಮ್ಮನೆ ಒಪ್ಪಿಕೊಳ್ಳಬಹುದು, ಆಗ ಅದೇ ವಯಸ್ಸಿನ ಇನ್ನೊಬ್ಬರು ಬಿಗಿಯಾಗಿ ಓದಿಕೊಂಡು ಬರೆಯದೇ ಉಳಿದಿದ್ದರೆ ಅವರಿಗೆ ಅನ್ಯಾಯ. ಒಪ್ಪಿಕೊಂಡು, ‘26 ತುಂಬದವರೆಲ್ಲ ಅರ್ಹರು’ ಎಂದು ಸ್ಪಷ್ಟನೆ ಹಾಕಿ, ಒಂದು ವಾರ ಗಡುವು ಮುಂದೂಡುವುದು ಮೂರನೆಯದು. ಕೆಲಸ ಹೆಚ್ಚು, ಆದರೆ ನಾನು ಅದನ್ನೇ ಹೇಳುತ್ತೇನೆ. ಕರಾರು ಪತ್ರಗಳ ವಿಷಯದಲ್ಲಿ ನ್ಯಾಯಾಲಯಗಳು ಹಿಡಿಯುವ ಸೂತ್ರವೂ ಇದೇ ಬಗೆಯದು: ಮಾತು ಎರಡು ಅರ್ಥ ಕೊಟ್ಟರೆ ಅದರ ನಷ್ಟ ಬರೆದವರಿಗೆ, ಲಾಭ ಇನ್ನೊಂದು ಕಡೆಯವರಿಗೆ.

ಮುಂದಿನ ಸಲ ವಯಸ್ಸಿಗೆ ‘ಮೀರು’ ಬೇಡ, ‘ತುಂಬು’ ಬಳಸಿ, ಜೊತೆಗೆ ಒಂದು ದಿನಾಂಕ ಕೊಡಿ: ‘2025ರ ಜುಲೈ 1ಕ್ಕೆ 26 ವರ್ಷ ತುಂಬಿರಬಾರದು’. ಇನ್ನೂ ಗಟ್ಟಿ ಬೇಕೆಂದರೆ ವಯಸ್ಸಿನ ಮಾತನ್ನೇ ಬಿಟ್ಟು ‘1999ರ ಜುಲೈ 2ರಂದು ಅಥವಾ ಅನಂತರ ಹುಟ್ಟಿದವರು’ ಎನ್ನಿ. ಎರಡಕ್ಕೂ ಫಲ ಒಂದೇ. ಎರಡನೆಯದರಲ್ಲಿ ಲೆಕ್ಕ ಹಾಕುವ ಕೆಲಸ ಯಾರಿಗೂ ಉಳಿಯುವುದಿಲ್ಲ, ಜನ್ಮದಿನ ನೋಡಿದರೆ ಮುಗಿಯಿತು.

ಹಣದ ಹಂತಗಳನ್ನು ಬರೆಯುವಾಗ ಮಾತ್ರ ‘ಮೀರು’ವಿಗೆ ಸಾಟಿಯಿಲ್ಲ. ಸಂಘಸಂಸ್ಥೆಗಳ ಪತ್ರಗಳಲ್ಲಿ ಆಗಾಗ ಹೀಗಿರುತ್ತದೆ: ‘5000 ರೂಪಾಯಿಗಿಂತ ಕಡಿಮೆ ವೆಚ್ಚಕ್ಕೆ ಕಾರ್ಯದರ್ಶಿಯ ಒಪ್ಪಿಗೆ ಸಾಕು, 5000ಕ್ಕಿಂತ ಹೆಚ್ಚಿನ ವೆಚ್ಚಕ್ಕೆ ಸಮಿತಿಯ ಒಪ್ಪಿಗೆ ಬೇಕು.’ ಸರಿಯಾಗಿ 5000 ಆದರೆ ಯಾರ ಒಪ್ಪಿಗೆ? ಆ ಮೊತ್ತ ಅನಾಥವಾಯಿತು. ‘5000ದವರೆಗೆ’ ಮತ್ತು ‘5001ರಿಂದ ಮೇಲೆ’ ಎಂದು ತಿದ್ದಿದರೆ 5000 ರೂಪಾಯಿ 50 ಪೈಸೆ ನಡುವೆ ಬೀಳುತ್ತದೆ. ‘5000 ಮೀರದ ವೆಚ್ಚ’, ‘5000 ಮೀರಿದ ವೆಚ್ಚ’ ಎಂದು ಬರೆದು ನೋಡಿ. ಒಂದರ ಬೆನ್ನಿಗೆ ಇನ್ನೊಂದು ಹೊಂದಿಕೊಳ್ಳುತ್ತದೆ, ನಡುವೆ ಸಂದಿಲ್ಲ, ಒಂದರ ಮೇಲೊಂದು ಏರಿಲ್ಲ. ‘ಒಳಗೆ’, ‘ಮೇಲ್ಪಟ್ಟು’ ಎಂಬ ಪದಗಳಿಗೆ ಈ ಖಚಿತತೆ ಇಲ್ಲ. ‘60 ಮೇಲ್ಪಟ್ಟವರು’ ಎಂದಾಗ 60 ಸೇರಿತೇ ಎಂದು ಇಬ್ಬರನ್ನು ಕೇಳಿದರೆ ಎರಡು ಉತ್ತರ ಬಂದೀತು.

ಹತ್ತಿರದ ಪದಗಳ ಬಗ್ಗೆಯೂ ಒಂದೆರಡು ಮಾತು ಹೇಳಬೇಕು, ಏಕೆಂದರೆ ‘ಮೀರು’ ಬೇಡವಾದ ಕಡೆ ಏನು ಹಾಕಬೇಕೆಂಬುದೂ ನಿಮ್ಮ ಪ್ರಶ್ನೆಯ ಒಳಗೇ ಇದೆ. ಕಣ್ಣಿಗೆ ಕಾಣುವ ಗೆರೆಯಾದರೆ ‘ದಾಟು’: ಹೊಳೆ ದಾಟುತ್ತೇವೆ, ಹೊಸ್ತಿಲು ದಾಟುತ್ತೇವೆ, ಅವನ್ನು ಮೀರುವುದಿಲ್ಲ. ಹೊಳೆಯ ನೀರು ಅಪಾಯದ ಮಟ್ಟ ಮೀರುತ್ತದೆ, ಏಕೆಂದರೆ ಮಟ್ಟ ಒಂದು ಅಳತೆ. ಬರೆದಿಟ್ಟ ಕಾನೂನನ್ನು ಮುರಿದರೆ ‘ಉಲ್ಲಂಘಿಸು’, ಬೇರೆಯವರ ಜಾಗಕ್ಕೆ ನುಗ್ಗಿದರೆ ‘ಅತಿಕ್ರಮಿಸು’. ಇವೆರಡರಲ್ಲೂ ಆರೋಪ ಕೂತೇ ಬರುತ್ತದೆ. ‘ನಿಯಮ ಮೀರಿ ನೆರವಾದರು’ ಎಂಬುದರಲ್ಲಿ ಮೆಚ್ಚುಗೆಗೆ ಜಾಗವಿದೆ. ‘ನಿಯಮ ಉಲ್ಲಂಘಿಸಿ ನೆರವಾದರು’ ಎಂದ ಕೂಡಲೇ ವಿಚಾರಣೆಯ ವಾಸನೆ ಹೊಡೆಯುತ್ತದೆ. ಕಾಲದ ವಿಷಯದಲ್ಲಿ ‘ಮುಗಿ’ ಮತ್ತು ‘ಮೀರು’ ಬೇರೆ ಬೇರೆ: ಅಧ್ಯಕ್ಷರ ಅವಧಿ ಮುಗಿಯುವುದು ಸಹಜ, ಅವಧಿ ಮೀರಿ ಅವರು ಕುರ್ಚಿಯಲ್ಲಿ ಉಳಿದರೆ ತಕರಾರು.

‘ಮೀರು’ ಹಳಗನ್ನಡದಲ್ಲಿ ‘ಮೀಱು’. ಆ ಱಕಾರ ಹೊಸಗನ್ನಡಕ್ಕೆ ಬರುವಷ್ಟರಲ್ಲಿ ಸಾದಾ ರಕಾರದಲ್ಲಿ ಕರಗಿತು. ತಮಿಳಿನಲ್ಲಿ ‘ಮೀಱು’ ಈಗಲೂ ಇದೆ, ಕಟ್ಟಳೆ ಮುರಿಯುವ ಅರ್ಥದಲ್ಲೇ. ಇದರ ಹತ್ತಿರದ ಬಳಗ ‘ಮಿಗು’ ಮತ್ತು ‘ಮಿಂಚು’. ಮಿಗುವಿನಿಂದ ಮಿಕ್ಕದ್ದು, ಮಿಗಿಲು, ‘ಸಾವಿರಕ್ಕೂ ಮಿಕ್ಕಿ’ ಬಂದವು. ‘ಕಾಲ ಮಿಂಚಿತು’, ‘ಮಿಂಚಿಹೋದ ಕಾರ್ಯಕ್ಕೆ ಚಿಂತಿಸಿ ಫಲವಿಲ್ಲ’ ಎಂಬಲ್ಲಿನ ಮಿಂಚು ಆಕಾಶದ ಮಿಂಚಲ್ಲ, ಮೀರಿಹೋಗುವ ಮಿಂಚು. ಮಿಂಚಿನ ಹಾಗೆ ಬೇಗ ಹೋಯಿತು ಎಂದು ವಿವರಿಸುವವರು ಧ್ವನಿಯ ಹೋಲಿಕೆಗೆ ಮೋಸಹೋಗಿರುತ್ತಾರೆ.

‘ಹದ್ದು ಮೀರು’ ಎಂಬಲ್ಲೂ ಅದೇ ಮೋಸ. ಆ ಹದ್ದಿಗೂ ಹಾರುವ ಹದ್ದಿಗೂ ನಂಟಿಲ್ಲ. ಗಡಿ ಎಂಬ ಅರ್ಥದ ಅರಬ್ಬಿ ಪದ ಅದು. ಸರಹದ್ದು, ಭೂಮಾಪನದ ಹದ್ದುಬಸ್ತು ಇವುಗಳಲ್ಲಿ ಇರುವುದೂ ಅದೇ. ಅದು ಒರಟು ಪದವಲ್ಲ, ಗದರಿಕೆಯ ಪದ. ಎಲ್ಲೆ, ಮೇರೆ, ಮಿತಿ, ಹದ್ದು ಎಲ್ಲವೂ ಗಡಿಯೇ, ಆದರೆ ‘ಎಲ್ಲೆ ಮೀರಿದ ಸಂತೋಷ’, ‘ಮೇರೆ ಮೀರಿದ ಉತ್ಸಾಹ’ ಇದ್ದ ಹಾಗೆ ‘ಹದ್ದು ಮೀರಿದ ಸಂತೋಷ’ ಇಲ್ಲ. ಹದ್ದು ಮೀರುವುದು ವರ್ತನೆ ಮತ್ತು ನಾಲಿಗೆ ಮಾತ್ರ. ಔಪಚಾರಿಕ ಪತ್ರದಲ್ಲಿ ಈ ಪದ ಹಾಕುವ ಮುನ್ನ, ಎದುರಿನವರನ್ನು ಗದರಿಸುವುದೇ ನಿಮ್ಮ ಉದ್ದೇಶವೇ ಎಂದು ನೋಡಿಕೊಳ್ಳಿ.

ನಿಮ್ಮ ಪ್ರಕಟಣೆಯ ಸಾಲುಗಳು ಹೀಗಿರಲಿ: ‘2025ರ ಜುಲೈ 1ಕ್ಕೆ 26 ವರ್ಷ ತುಂಬಿರದ ಯಾರಾದರೂ ಬರೆಯಬಹುದು. ಪ್ರಬಂಧ 1500 ಪದಗಳನ್ನು ಮೀರಬಾರದು. ಶೀರ್ಷಿಕೆ ಈ ಎಣಿಕೆಗೆ ಸೇರುವುದಿಲ್ಲ.’ ಕೊನೆಯ ತುಂಡು ನಾನು ಸೇರಿಸಿದ್ದು, ಮುಂದಿನ ಜಗಳ ಅಲ್ಲೇ ಕಾದಿರುತ್ತದೆ. ದಿನಾಂಕವನ್ನು ನಿಮ್ಮ ಸ್ಪರ್ಧೆಗೆ ತಕ್ಕಂತೆ ಬದಲಿಸಿಕೊಳ್ಳಿ. ಆಹ್ವಾನ ಪತ್ರಿಕೆಯಲ್ಲಿ ‘ಗುರುಗಳನ್ನು ಮೀರಿಸಿದ ಶಿಷ್ಯ’ ಎಂದರೆ ಅರ್ಥದ ಗೊಂದಲ ತೀರುತ್ತದೆ, ಆದರೂ ಗುರುಗಳೇ ಸಭೆಯಲ್ಲಿದ್ದರೆ ಹೋಲಿಕೆ ಮುಜುಗರ ತಂದೀತು. ಆಗ ‘ಗುರುಗಳೇ ಹೆಮ್ಮೆಪಡುವ ಶಿಷ್ಯ’ ಎಂದು ಬರೆಯಿರಿ. ಅಲ್ಲಿಗೆ ‘ಮೀರು’ವಿನ ಅಗತ್ಯವೇ ಇಲ್ಲ.